ಮೂರನೆಯ ರಿಚರ್ಡನೂ ಸಲಕರಾಜ ಚಿಕ್ಕ ತಿರುಮಲನೂ

ಭೀಮುನಿಪಟ್ಟಣದಲ್ಲಿಯೋ ವಿಶಾಖಪಟ್ಟಣದಲ್ಲಿಯೋ ನೆಲಸಿರುವ ಕನ್ನಡಿಗರ ಮನೆಗೆ ಊರಿನಿಂದ ನೆಂಟರು ಬಂದರೆ, ಅವರನ್ನು ಸಿಂಹಾಚಲಕ್ಕೆ ಕರೆದುಕೊಂಡು ಹೋಗುವುದು ಒಂದು ಸಂಪ್ರದಾಯವೇ ಆಗಿದೆ. ವರಾಹನರಸಿಂಹನ ದರ್ಶನವಾದ ಮೇಲೆ, ಕೃಷ್ಣದೇವರಾಯನು 1516ರಲ್ಲಿ ಕಳಿಂಗದ ದಂಡಯಾತ್ರೆಯ ಕಾಲದಲ್ಲಿ ಇಲ್ಲಿಗೆ ಬಂದು ದೇವರಿಗೆ ಆಭರಣಗಳನ್ನು ಒಪ್ಪಿಸಿದ ಸಂಗತಿಯನ್ನು ಹೇಳುವ ಶಾಸನದ ವಿಷಯವನ್ನೆತ್ತಿ, ನಾವು ಈ ನೆಲಕ್ಕೆ ಕೇವಲ ಹೊರಗಿನವರಲ್ಲವೆಂದು ಸಮಾಧಾನ ಪಟ್ಟುಕೊಳ್ಳುತ್ತೇವೆ. ಆ ಸಮಾಧಾನದಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮ ನೆನಪು ಸಾಮಾನ್ಯವಾಗಿ ಅಲ್ಲಿಗೇ ನಿಂತುಬಿಡುತ್ತದೆ. ಆ ಶಾಸನವನ್ನು ಕಡೆದ 26 ವರ್ಷಗಳಿಗೆ ಅದೇ ಚಕ್ರವರ್ತಿಯ ವಂಶದಲ್ಲಿ ಏನಾಯಿತು, ಆತನು ಯಾರೊಡನೆ ಹೋರಾಡಿ ಇಲ್ಲಿಯವರೆಗೆ ಬಂದನೋ ಆ ಗಜಪತಿಯ ಮನೆಯಲ್ಲಿ ಏನಾಯಿತು ಎಂಬುದನ್ನು ನೆಂಟರ ಮುಂದೆ ಯಾರೂ ಹೇಳುವುದಿಲ್ಲ. ಹೇಳುವುದಕ್ಕೆ ಅದು ಹಿತವಾದ ಕಥೆಯೂ ಅಲ್ಲ.

ಈ ಲೇಖನ ಹುಟ್ಟಿದುದು ಒಂದು ಪ್ರಶ್ನೆಯಿಂದ. ಕೆಲವು ತಿಂಗಳ ಹಿಂದೆ ಇಲ್ಲಿನ ನಾಲ್ಕಾರು ಕನ್ನಡ ಮಿತ್ರರು ಕೂಡಿ ಷೇಕ್ಸ್‌ಪಿಯರನ ‘ಮೂರನೆಯ ರಿಚರ್ಡ್’ ನಾಟಕವನ್ನು ಓದಿದೆವು. ಓದು ಮುಗಿದ ಮೇಲೆ ಕೂಟದ ಹಿರಿಯರೊಬ್ಬರು, “ಇಂಥವನೊಬ್ಬ ನಮ್ಮಲ್ಲಿ ಹುಟ್ಟಲಿಲ್ಲವೇ ಸ್ವಾಮಿ?” ಎಂದು ಕೇಳಿದರು. ಕಂಸ, ಶಕುನಿ ಎಂದು ಯಾರೋ ಅಂದರು. “ಪುರಾಣದವರು ಬೇಡ, ಚರಿತ್ರೆಯವರನ್ನು ಹೇಳಿ” ಎಂದು ಅವರು ಪಟ್ಟು ಹಿಡಿದರು. ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ವಿಜಯನಗರದ ಇತಿಹಾಸವನ್ನು ಮತ್ತೆ ತಿರುವಿದಾಗ ಸಿಕ್ಕಿದವನು ಸಲಕರಾಜ ಚಿಕ್ಕ ತಿರುಮಲ. ತೆಲುಗಿನವರ ಬಾಯಲ್ಲಿ ಚಿನ್ನ ತಿರುಮಲ. ಸೋದರಳಿಯನಾದ ಬಾಲರಾಜನನ್ನು ಕೊಂದು ಸಿಂಹಾಸನವೇರಿ, ಒಂದೆರಡು ವರ್ಷವೂ ಬಾಳದೆ ಅಳಿದವನು. ರಿಚರ್ಡನಿಗೂ ಇವನಿಗೂ ಸುಮಾರು 60 ವರ್ಷಗಳ ಅಂತರ.

ಮೊದಲು ನಾಟಕದ ಮಾತು. ಷೇಕ್ಸ್‌ಪಿಯರನು ಇದನ್ನು ರಚಿಸಿದುದು 1592–93ರ ಸುಮಾರಿಗೆ, ಅಚ್ಚಾದುದು 1597ರಲ್ಲಿ. ನಾಲ್ಕನೆಯ ಎಡ್ವರ್ಡನ ತಮ್ಮನಾದ ಗ್ಲಾಸ್ಟರಿನ ಡ್ಯೂಕ್ ರಿಚರ್ಡನು ಕುರೂಪಿ, ಚತುರ, ಮಾತಿನ ಮಲ್ಲ. ತನಗೂ ಸಿಂಹಾಸನಕ್ಕೂ ನಡುವೆ ಎಷ್ಟು ಜನರಿದ್ದಾರೋ ಅಷ್ಟು ಜನರನ್ನೂ ಒಬ್ಬೊಬ್ಬರನ್ನಾಗಿ ತೊಲಗಿಸುತ್ತಾನೆ. ಅಣ್ಣನಾದ ಕ್ಲಾರೆನ್ಸನನ್ನು ಸೆರೆಮನೆಗೆ ಕಳುಹಿಸುವವನೂ ಇವನೇ, ಬೀಳ್ಕೊಡುವಾಗ ಕಣ್ಣೀರಿಡುವವನೂ ಇವನೇ. ತಾನೇ ಕೊಂದ ಅರಸನ ಶವದ ಮುಂದೆ ನಿಂತು, ತಾನೇ ವಿಧವೆಯಾಗಿಸಿದ ಆ ಅರಸನ ಸೊಸೆಗೆ ಪ್ರೇಮಭಿಕ್ಷೆ ಬೇಡಿ ಅವಳನ್ನು ಒಲಿಸಿಕೊಳ್ಳುತ್ತಾನೆ. ಲಂಡನ್ ನಗರದ ಪ್ರಜೆಗಳು ಕಿರೀಟವನ್ನು ಒಪ್ಪಿಸಬಂದಾಗ ಇಬ್ಬರು ಬಿಷಪ್ಪರ ನಡುವೆ ಪ್ರಾರ್ಥನಾಗ್ರಂಥವನ್ನು ಹಿಡಿದು ನಿಂತು, ಒಲ್ಲೆನೊಲ್ಲೆನೆನ್ನುತ್ತಲೇ ಒಪ್ಪಿಕೊಳ್ಳುತ್ತಾನೆ. ಓದುವಾಗ ನಮಗೆ ನಗು ಬರುತ್ತದೆಂಬುದನ್ನು ಮರೆಮಾಚಬೇಕಾಗಿಲ್ಲ. ನಮ್ಮ ಕೂಟದಲ್ಲಿ ಎಲ್ಲರೂ ನಕ್ಕರು; ನಕ್ಕ ಮೇಲೆ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ಈ ಖಳನ ವಿದ್ಯೆಯ ಮರ್ಮವೇನೆಂದು ವಿಚಾರಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ರಿಚರ್ಡನು ಯಾರನ್ನೂ ಗುಂಪಿನಲ್ಲಿ ಎದುರಿಸುವುದಿಲ್ಲ. ಪ್ರತಿಯೊಬ್ಬನನ್ನೂ ಬೇರೆ ಮಾಡಿ, ಅವನ ಕಿವಿಗೆ ಬೇಕಾದ ಮಾತನ್ನು ಅವನೊಬ್ಬನಿಗೇ ಹೇಳುತ್ತಾನೆ. ಹೇಸ್ಟಿಂಗ್ಸನಿಗೆ ಹೇಳಿದುದನ್ನು ಬಕಿಂಗ್‌ಹ್ಯಾಮನು ಬಲ್ಲ, ಬಕಿಂಗ್‌ಹ್ಯಾಮನಿಗೆ ಹೇಳಿದುದನ್ನು ಯಾರೂ ಅರಿಯರು. ಹೇಸ್ಟಿಂಗ್ಸನ ತಲೆ ಉರುಳಿದುದು 1483ರ ಜೂನ್ 13ರಂದು. ಆ ಬೆಳಗಿನ ಸಭೆಯಲ್ಲಿಯೂ ಅವನಿಗೆ ರಿಚರ್ಡನು ತನ್ನ ಮಿತ್ರನೆಂಬ ನಂಬಿಕೆಯೇ ಇದ್ದಿತು. ಹೀಗೆ ಎಲ್ಲರನ್ನೂ ಒಂಟಿಯಾಗಿಸಿ ಮೇಲೇರಿದವನಿಗೆ ನಾಟಕದ ಮೊದಲ ಭಾಗದಲ್ಲಿ ಒಬ್ಬನೇ ಆಪ್ತನಿದ್ದಾನೆ, ಅವನೇ ಪ್ರೇಕ್ಷಕ. ನಮ್ಮ ಕಡೆ ತಿರುಗಿ ತನ್ನ ಸಂಚನ್ನೆಲ್ಲ ಬಿಚ್ಚಿ ಹೇಳುತ್ತಾನೆ, ನಾವು ಅರೆಮನಸ್ಸಿನಿಂದಲಾದರೂ ಅವನ ಗುಟ್ಟಿನ ಪಾಲುದಾರರಾಗುತ್ತೇವೆ. ಕಿರೀಟ ತಲೆಯ ಮೇಲೆ ಬಂದ ಕ್ಷಣದಿಂದ ಅವನು ನಮ್ಮೊಡನೆ ಮಾತಾಡುವುದೂ ಕಡಮೆಯಾಗುತ್ತದೆ. ಮಕ್ಕಳಿಬ್ಬರನ್ನು ಕೊಲ್ಲಬೇಕೆಂದು ಸೂಚಿಸಿದಾಗ ಬಕಿಂಗ್‌ಹ್ಯಾಮನು ಒಂದು ಗಳಿಗೆ ತಡೆದು ಯೋಚಿಸಲು ಅವಕಾಶ ಕೇಳುತ್ತಾನೆ. ಆ ಒಂದು ಗಳಿಗೆಯೇ ಸಾಕಾಯಿತು, ಏಕೈಕ ಮಿತ್ರನೂ ಶತ್ರುವಾದ. ಕದನದ ಹಿಂದಿನ ರಾತ್ರಿ ಅವನು ಕೊಲ್ಲಿಸಿದ ಹನ್ನೊಂದು ಮಂದಿಯ ಪ್ರೇತಗಳು ಡೇರೆಗೆ ಬಂದು ಶಪಿಸಿಹೋಗುತ್ತವೆ. ಬೆವೆತು ಎಚ್ಚೆತ್ತವನು ತನ್ನನ್ನು ತಾನೇ ಪ್ರಶ್ನಿಸಿಕೊಳ್ಳುತ್ತಾನೆ: ಇಲ್ಲಿ ಕೊಲೆಗಾರನಿದ್ದಾನೆಯೇ? ಇದ್ದಾನೆ, ನಾನೇ. ನಾನು ಸತ್ತರೆ ಮರುಗುವವರುಂಟೇ? ಇಲ್ಲ, ನನಗೇ ನನ್ನ ಮೇಲೆ ಮರುಕವಿಲ್ಲದಿರುವಾಗ ಅನ್ಯರಿಗೇಕೆ ಇರಬೇಕು? ಇಡೀ ನಾಟಕದಲ್ಲಿ ರಿಚರ್ಡನು ಸುಳ್ಳಾಡದ ಸ್ಥಳವೆಂದರೆ ಇದೊಂದೇ ಎಂದು ನನಗೆ ತೋರುತ್ತದೆ. ಮಾರನೆಯ ದಿನ ರಣರಂಗದಲ್ಲಿ ಕುದುರೆಯನ್ನು ಕಳೆದುಕೊಂಡು, ಒಂದು ಕುದುರೆಗಾಗಿ ಇಡೀ ರಾಜ್ಯವನ್ನೇ ಕೊಡುತ್ತೇನೆಂದು ಕೂಗಿ ಮಡಿಯುತ್ತಾನೆ. ವಾಚಕರು ಈ ಕುದುರೆಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾಗಿ ಪ್ರಾರ್ಥನೆ.

ಚರಿತ್ರೆಯ ರಿಚರ್ಡನು ಪೂರ್ತಿಯಾಗಿ ಹೀಗಿದ್ದನೆಂದು ಹೇಳಲಾಗದು. ಅವನು 1485ರ ಆಗಸ್ಟ್ 22ರಂದು ಬಾಸ್‌ವರ್ತ್ ಕಾಳಗದಲ್ಲಿ ಬಿದ್ದನು. ಗೆದ್ದ ಹೆನ್ರಿ ಟ್ಯೂಡರನ ವಂಶದವರು ರಾಜ್ಯವಾಳುತ್ತಿದ್ದಾಗ ಸರ್ ಥಾಮಸ್ ಮೋರ್ ಮೊದಲಾದವರು ಅವನ ಕಥೆಯನ್ನು ಬರೆದರು. ಹೆನ್ರಿಯ ಮೊಮ್ಮಗಳಾದ ಎಲಿಜಬೆತ್ ರಾಣಿಯ ಕಾಲದಲ್ಲಿ ಷೇಕ್ಸ್‌ಪಿಯರನು ಅದನ್ನು ನಾಟಕವಾಗಿಸಿದನು. 2012ರಲ್ಲಿ ಲೆಸ್ಟರ್ ನಗರದ ಒಂದು ವಾಹನ ನಿಲ್ದಾಣದ ಅಡಿಯಲ್ಲಿ ರಿಚರ್ಡನ ಅಸ್ಥಿಪಂಜರವು ದೊರೆತು, 2015ರಲ್ಲಿ ಅಲ್ಲಿನ ಪ್ರಧಾನ ಇಗರ್ಜಿಯಲ್ಲಿ ಮರಳಿ ಸಮಾಧಿಯಾಯಿತು. ಬೆನ್ನೆಲುಬು ಪಕ್ಕಕ್ಕೆ ಬಾಗಿದ್ದುದು ನಿಜ. ನಾಟಕವು ಹೇಳುವ ಸೊರಗಿದ ತೋಳು ಅಲ್ಲಿರಲಿಲ್ಲ. ಆದರೂ ಅಣ್ಣನ ಮಕ್ಕಳಿಬ್ಬರೂ ಲಂಡನ್ನಿನ ಗೋಪುರವನ್ನು ಹೊಕ್ಕವರು ಮತ್ತೆ ಹೊರಗೆ ಕಾಣಲಿಲ್ಲವೆಂಬುದೂ, ಅವರ ಪೋಷಕನಾಗಿ ನೇಮಕಗೊಂಡವನೇ 1483ರ ಜುಲೈ 6ರಂದು ಕಿರೀಟ ಧರಿಸಿದನೆಂಬುದೂ ನಿರ್ವಿವಾದ.

ಇನ್ನು ನಮ್ಮ ಕಥೆ. ಕೃಷ್ಣದೇವರಾಯನು ತನ್ನ ಕಣ್ಣೆದುರಿನಲ್ಲಿಯೇ ಮಗನನ್ನು ಕಳೆದುಕೊಂಡವನು. ಬಾಲ್ಯದಲ್ಲಿಯೇ ಪಟ್ಟಗಟ್ಟಿಸಿಕೊಂಡ ಆ ತಿರುಮಲನು ವಿಷಪ್ರಯೋಗದಿಂದ ಸತ್ತನೆಂದೂ, ಆ ಶಂಕೆಯಿಂದ ರಾಯನು ಮಹಾಮಂತ್ರಿ ತಿಮ್ಮರಸನ ಕಣ್ಣು ಕೀಳಿಸಿದನೆಂದೂ ಪೋರ್ತುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. 1529ರಲ್ಲಿ ರಾಯನು ತೀರಿಕೊಂಡಾಗ ಉಳಿದುದು 18 ತಿಂಗಳ ಒಂದು ಶಿಶು. ಅಳಿಯ ರಾಮರಾಯನು ಆ ಶಿಶುವಿನ ಪಕ್ಷವನ್ನು ಹಿಡಿದನು. ಆದರೆ ರಾಯನು ಚಂದ್ರಗಿರಿಯಲ್ಲಿ ಬಂಧನದಲ್ಲಿರಿಸಿದ್ದ ತಮ್ಮ ಅಚ್ಯುತನಿಗೇ ಪಟ್ಟವಾಯಿತು. ದಾಯಾದಿಗಳನ್ನು ಕೋಟೆಗಳಲ್ಲಿ ಕೂಡಿಹಾಕುವುದು ಆ ಅರಮನೆಯ ವಾಡಿಕೆಯೇ ಆಗಿದ್ದಿತೆಂಬುದನ್ನು ಇಲ್ಲಿ ಗಮನಿಸಬೇಕು. ರಾಜಮನೆತನವೇ ತನ್ನ ರಕ್ತಸಂಬಂಧಿಗಳನ್ನು ಒಬ್ಬರಿಂದೊಬ್ಬರನ್ನು ಬೇರ್ಪಡಿಸಿ ಇಟ್ಟಿರುವಾಗ, ಸಂಚುಗಾರನಿಗೆ ಅರ್ಧ ಕೆಲಸ ಮೊದಲೇ ಮುಗಿದಿರುತ್ತದೆ.

ಅಚ್ಯುತರಾಯನ ಪಟ್ಟದರಸಿ ವರದಾಂಬಿಕೆ ಸಲಕರಾಜರ ಮನೆಯ ಹೆಣ್ಣು. ಅವಳ ಸೋದರರಿಬ್ಬರು, ಇಬ್ಬರ ಹೆಸರೂ ತಿರುಮಲ, ಹಿರಿಯ ಮತ್ತು ಚಿಕ್ಕ. ಅರಸನು ಈ ಭಾವಮೈದುನರ ಕೈವಶನಾಗಿದ್ದನೆಂದು ನೂನಿಜ್ ಆಕ್ಷೇಪಿಸುತ್ತಾನೆ. ಆದರೆ ಅವರು ಕೇವಲ ಅಂತಃಪುರದ ಆಶ್ರಿತರಾಗಿರಲಿಲ್ಲ. ದಕ್ಷಿಣದಲ್ಲಿ ತಿರುವಡಿ ರಾಜ್ಯದ ಮೇಲೆ ದಂಡು ಹೋದಾಗ ಅಚ್ಯುತನು ಶ್ರೀರಂಗದಲ್ಲಿ ತಂಗಿದನೆಂದೂ, ಸೈನ್ಯವನ್ನು ತಾಮ್ರಪರ್ಣಿಯವರೆಗೆ ನಡೆಸಿ ಗೆದ್ದವನು ಸಲಕರಾಜ ತಿರುಮಲನೆಂದೂ ರಾಜನಾಥ ಡಿಂಡಿಮನ ‘ಅಚ್ಯುತರಾಯಾಭ್ಯುದಯ’ ಕಾವ್ಯವು ವರ್ಣಿಸುತ್ತದೆ. ತಿರುಮಲಾಂಬೆಯ ‘ವರದಾಂಬಿಕಾ ಪರಿಣಯ’ ಚಂಪುವಿನಲ್ಲಿ ಅಚ್ಯುತ–ವರದಾಂಬಿಕೆಯರ ವಿವಾಹವು ನಡೆದು, ಕಡೆಗೆ ಅವರ ಮಗ ವೆಂಕಟಾದ್ರಿಗೆ ಯುವರಾಜಪಟ್ಟವಾಗುತ್ತದೆ. ಮಂಗಳದಲ್ಲಿ ಮುಗಿಯುವ ಕಾವ್ಯ. ಮುಂದಾದುದನ್ನು ಬಲ್ಲ ನಮಗೆ ಆ ಮಂಗಳವನ್ನು ಓದುವುದು ಕಷ್ಟ.

1542ರಲ್ಲಿ ಅಚ್ಯುತರಾಯನು ಕಾಲವಾಗಲು ಬಾಲಕನಾದ ವೆಂಕಟನಿಗೆ ಪಟ್ಟವಾಯಿತು. ಚಿಕ್ಕ ತಿರುಮಲನು ರಾಜ್ಯಪಾಲಕನಾದನು. ಮುಂದಿನ ಘಟನೆಗಳನ್ನು ಪ್ರೊಫೆಸರ್ ನೀಲಕಂಠಶಾಸ್ತ್ರಿಗಳು ವಿವಿಧ ಆಕರಗಳಿಂದ ಹೆಣೆದು ತೋರಿಸಿದ್ದಾರೆ. ತಮ್ಮನ ಮನಸ್ಸನ್ನು ಮೊದಲು ಅರಿತವಳು ಅಕ್ಕ. ಮಗನನ್ನು ಉಳಿಸಿಕೊಡಬೇಕೆಂದು ವರದಾಂಬಿಕೆ ಬಿಜಾಪುರದ ಇಬ್ರಾಹಿಂ ಆದಿಲ್‌ಷಹನ ನೆರವನ್ನು ಬೇಡಿದಳು. ಆದಿಲ್‌ಷಹನು ಹೊರಟುದೇನೋ ನಿಜ. ದಾರಿಯಲ್ಲಿಯೇ ತಿರುಮಲನ ದೂತರು ಅವನನ್ನು ಹಣದಿಂದ ತೃಪ್ತಿಪಡಿಸಿ ಹಿಂದಿರುಗಿಸಿದರು. ಅತ್ತ ರಾಮರಾಯನು ಅಚ್ಯುತನ ಅಣ್ಣನ ಮಗನಾದ ಸದಾಶಿವನನ್ನು ಗುತ್ತಿಯ ಕೋಟೆಯ ಸೆರೆಯಿಂದ ಬಿಡಿಸಿ ಅವನೇ ಅರಸನೆಂದು ಸಾರಿ, ತಾನೂ ಅದೇ ಆದಿಲ್‌ಷಹನ ಸಹಾಯವನ್ನೇ ಕೋರಿದನು. ಬಿಜಾಪುರದ ಸೈನ್ಯ ಬಂದಾಗ ಭಯಗೊಂಡ ರಾಜಧಾನಿಯ ಜನರು ತಿರುಮಲನನ್ನೇ ಸಿಂಹಾಸನದ ಮೇಲೆ ಕೂರಿಸಿದರು. ಅವನು ಶತ್ರುವನ್ನು ಹಿಮ್ಮೆಟ್ಟಿಸಿದನು ಕೂಡ. ಇದಾದ ಮೇಲೆ, ಇನ್ನು ತನ್ನ ಸ್ಥಾನಕ್ಕೆ ಯಾರೂ ಎರವಾಗಬಾರದೆಂದು, ಬಾಲಕ ವೆಂಕಟನ ಕೊರಳನ್ನು ಹಿಸುಕಿಸಿ ರಾಜವಂಶದ ಉಳಿದವರನ್ನೂ ಕೊಲ್ಲಿಸಿದನು. ದೂರದ ಕೋಟೆಯಲ್ಲಿದ್ದ ಕಾರಣದಿಂದಲೇ ಸದಾಶಿವನೊಬ್ಬನು ಉಳಿದನು.

ಇಲ್ಲಿ ಒಂದು ವ್ಯತ್ಯಾಸವನ್ನು ಹೇಳದೆ ಮುಂದೆ ಹೋಗಲಾರೆ. ರಿಚರ್ಡನು ಆ ಮಕ್ಕಳಿಗೆ ಚಿಕ್ಕಪ್ಪ, ದಾಯಾದಿ. ದಾಯಾದಿಯ ಮತ್ಸರವೆಂಬುದು ನಮಗೆ ಕುರುಕ್ಷೇತ್ರದಷ್ಟು ಹಳೆಯ ವಿಷಯ. ತಿರುಮಲನಾದರೋ ಸೋದರಮಾವ. ನಮ್ಮ ಕಡೆ ಕಿವಿ ಚುಚ್ಚುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವನು ಸೋದರಮಾವ. ಮಗು ಅತ್ತರೆ ಬೆಲ್ಲದ ಚೂರನ್ನು ಬಾಯಿಗಿಡುವವನು ಸೋದರಮಾವ. ಅವನಿಗೆ ಅಳಿಯನ ಆಸ್ತಿಯಲ್ಲಿ ಹಕ್ಕಿಲ್ಲ, ಆದುದರಿಂದಲೇ ಅವನನ್ನು ನಂಬುವುದು. ಹಕ್ಕಿಲ್ಲದವನನ್ನು ಕಾವಲಿಗಿಡುವುದು ಸುರಕ್ಷಿತವೆಂದು ಅಚ್ಯುತನ ಆಸ್ಥಾನವು ಭಾವಿಸಿದ್ದಿರಬೇಕು. ಬೇಲಿಯೇ ಎದ್ದು ಹೊಲವನ್ನು ಮೇಯ್ದಿತು. ವರದಾಂಬಿಕೆಯ ಸ್ಥಿತಿಯನ್ನು ನಾಟಕದ ಎಲಿಜಬೆತ್ ರಾಣಿಯ ಸ್ಥಿತಿಯೊಡನೆ ಹೋಲಿಸಿ ನೋಡಿದರೆ ನಮ್ಮವಳದೇ ಹೆಚ್ಚು ದಾರುಣ. ಎಲಿಜಬೆತ್ತಳಿಗೆ ಗಂಡನ ಮನೆಯವನು ಶತ್ರುವಾದರೂ ತವರಿನವರು ಅವಳ ಪಕ್ಷದಲ್ಲಿದ್ದರು. ವರದಾಂಬಿಕೆಗೆ ತವರೇ ಶತ್ರುವಾಯಿತು. ಪರರಾಜ್ಯದ ಸುಲ್ತಾನನಿಗೆ ಓಲೆ ಕಳುಹಿಸಿದುದಕ್ಕಾಗಿ ಅವಳನ್ನು ರಾಜದ್ರೋಹಿಯೆನ್ನುವವರು, ಅವಳು ಬೇರೆ ಯಾರ ಬಾಗಿಲನ್ನು ತಟ್ಟಬೇಕಿತ್ತು ಎಂಬುದನ್ನು ಮೊದಲು ಹೇಳಲಿ.

ಬ್ಯಾಂಕಿನಲ್ಲಿ ಕೆಲಸ ಮಾಡುವವನಿಗೆ ಈ ಕಥೆಯು ಬೇರೊಂದು ರೀತಿಯಿಂದಲೂ ಮನಸ್ಸಿಗೆ ತಾಗುತ್ತದೆ. ಅಪ್ರಾಪ್ತ ವಯಸ್ಕರ ಹೆಸರಿನ ಖಾತೆಗಳನ್ನು ಪೋಷಕರು ನಡೆಸುವುದನ್ನು ನಾವು ದಿನನಿತ್ಯವೂ ನೋಡುತ್ತೇವೆ. ನೂರಕ್ಕೆ ತೊಂಬತ್ತೊಂಬತ್ತು ಮಂದಿ ಪ್ರಾಮಾಣಿಕರು. ಆದರೂ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವದ ಕಾಯಿದೆಯು, ಮಗುವಿನ ಸ್ಥಿರಾಸ್ತಿಯನ್ನು ಹೆತ್ತ ತಂದೆಯೇ ಆಗಲಿ ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಮಾರಕೂಡದೆಂದು ವಿಧಿಸಿದೆ. ಪ್ರೀತಿಯನ್ನು ಕಾನೂನು ಅವಮಾನಿಸುತ್ತಿದೆಯಲ್ಲಾ ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಅನ್ನಿಸುತ್ತಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ವಿಜಯನಗರದ ಆ ಮಹಾಸಾಮ್ರಾಜ್ಯದಲ್ಲಿ ಪೋಷಕನ ಮೇಲೆ ಒಬ್ಬ ತನಿಖೆಗಾರನಿರಲಿಲ್ಲ. ಇದ್ದವರೆಂದರೆ ಪ್ರತಿಸ್ಪರ್ಧಿಗಳು ಮಾತ್ರ.

ನಾವು ವಾಸಿಸುತ್ತಿರುವ ಈ ಕರಾವಳಿಯ ಅರಸುಮನೆಯಲ್ಲಿಯೂ ಹೆಚ್ಚುಕಡಮೆ ಅದೇ ವರ್ಷಗಳಲ್ಲಿ ಇಂಥದೇ ಕೃತ್ಯ ನಡೆದುದು ಆಶ್ಚರ್ಯಕರವಾಗಿದೆ. ಕೃಷ್ಣದೇವರಾಯನ ಎದುರಾಳಿಯೂ ಬಳಿಕ ಅವನಿಗೆ ಹೆಣ್ಣುಕೊಟ್ಟ ಮಾವನೂ ಆದ ಪ್ರತಾಪರುದ್ರ ಗಜಪತಿಯು 1540ರಲ್ಲಿ ತೀರಿಕೊಂಡನು. ಅವನ ಮಂತ್ರಿ ಗೋವಿಂದ ವಿದ್ಯಾಧರನು ಕಾಲುವ, ಕಖಾರುವ ಎಂಬಿಬ್ಬರು ರಾಜಪುತ್ರರನ್ನು ಒಬ್ಬನ ಮೇಲೊಬ್ಬನಂತೆ ಗದ್ದುಗೆಗೇರಿಸಿ, ಒಬ್ಬನ ಮೇಲೊಬ್ಬನಂತೆ ಕೊಲ್ಲಿಸಿ, ಒಂದೆರಡು ವರ್ಷಗಳೊಳಗೆ ತಾನೇ ರಾಜನಾದನೆಂದು ಪುರಿಯ ಜಗನ್ನಾಥ ದೇವಾಲಯದ ‘ಮಾದಳಾ ಪಂಜಿ’ಯು ಹೇಳುತ್ತದೆ. ಅವನು ಸ್ಥಾಪಿಸಿದ ವಂಶಕ್ಕೆ ಭೋಯಿ ವಂಶವೆಂದು ಹೆಸರು. ಭೋಯಿಗಳೆಂದರೆ ಕರಣಿಕರು, ಲೆಕ್ಕಪತ್ರ ಬರೆಯುವವರು. ನಮ್ಮ ವೃತ್ತಿಬಾಂಧವರೇ ಎನ್ನಬೇಕು! ಈ ಗೋವಿಂದನಿಗೆ ಪ್ರೇತಗಳು ಕಾಣಿಸಿಕೊಂಡಂತೆ ತೋರುವುದಿಲ್ಲ. ಅವನು ಏಳೆಂಟು ವರ್ಷ ರಾಜ್ಯವಾಳಿ ಸತ್ತನು. ಅವನ ವಂಶವನ್ನು 1559ರ ಸುಮಾರಿಗೆ ಮುಕುಂದ ಹರಿಚಂದನನೆಂಬ ತೆಲುಗು ವೀರನು ಅದೇ ಬಗೆಯ ಕೊಲೆಯಿಂದ ಕೊನೆಗೊಳಿಸಿದನು. 1568ರಲ್ಲಿ ಅವನೂ ಅಳಿದು ಓಡ್ರರಾಜ್ಯವು ಬಂಗಾಳದ ಅಫಘಾನರ ಪಾಲಾಯಿತು. ಪಾಪಿಗೆ ಅವನ ಆಯುಷ್ಯದಲ್ಲಿಯೇ ಶಿಕ್ಷೆಯಾಗಬೇಕೆಂಬ ನಿಯಮವು ನಾಟಕಕ್ಕೆ ಇರುವಂತೆ ಚರಿತ್ರೆಗೆ ಇಲ್ಲ. ಆದುದರಿಂದಲೇ ಗೋವಿಂದ ವಿದ್ಯಾಧರನನ್ನು ನಾನು ರಿಚರ್ಡನ ಪಕ್ಕದಲ್ಲಿ ನಿಲ್ಲಿಸಲಿಲ್ಲ. ಅವನಿಗಿಂತ ತಿರುಮಲನು ಹೆಚ್ಚಿನ ಪಾಪಿಯೆಂದಲ್ಲ. ತಿರುಮಲನ ಅಂತ್ಯದಲ್ಲಿ ನಾಟಕಕಾರನೂ ಊಹಿಸಲಾರದಂಥ ಒಂದು ದೃಶ್ಯವಿದೆ.

ಆ ದೃಶ್ಯವನ್ನು ನಮಗೆ ಉಳಿಸಿಕೊಟ್ಟವನು ಬಿಜಾಪುರದ ಆಶ್ರಯದಲ್ಲಿದ್ದ ಇತಿಹಾಸಕಾರ ಫರಿಶ್ತಾ. ಅವನು ಬರೆದುದು ಹದಿನೇಳನೆಯ ಶತಮಾನದ ಆರಂಭದಲ್ಲಿ; ಕಾಲನಿರ್ದೇಶದಲ್ಲಿ ಏಳೆಂಟು ವರ್ಷಗಳ ತಪ್ಪಿದೆ, ಹೆಸರುಗಳಲ್ಲಿ ಗೊಂದಲವಿದೆ. ತಿರುಮಲನನ್ನು ಅವನು ಕರೆಯುವ ಹೆಸರನ್ನು ಸ್ಕಾಟನು ‘ಹೋಜೆ’ ಎಂದೂ, ಬ್ರಿಗ್ಸನು ‘ಭೋಜ’ ಎಂದೂ ಓದಿ ಅನುವಾದಿಸಿದ್ದಾರೆ. ಮೊದಲನೆಯ ರೂಪವು ಕನ್ನಡ ಕಿವಿಗೆ ನಮ್ಮ ‘ಹುಚ್ಚ’ ಎಂಬ ಮಾತಿನ ಅಪಭ್ರಂಶದಂತೆ ಕೇಳಿಸುತ್ತದೆ. ರಾಜಧಾನಿಯ ಬೀದಿಯಲ್ಲಿ ಜನ ಹಾಗೆ ಕರೆಯುತ್ತಿದ್ದಿರಬಹುದೆಂದು ಊಹಿಸಲು ಅಡ್ಡಿಯಿಲ್ಲ. ಫರಿಶ್ತಾನ ಪ್ರಕಾರ, ಕೊಲೆಯ ಬಳಿಕ ಸಾಮಂತರೆಲ್ಲ ಬೇರೆಯಾಗಿ ರಾಮರಾಯನ ಕಡೆ ಸೇರುತ್ತಿರಲು, ದಿಕ್ಕುತೋರದ ತಿರುಮಲನು ಆದಿಲ್‌ಷಹನನ್ನೇ ರಕ್ಷಣೆಗೆ ಕರೆದನು. ಸುಲ್ತಾನನನ್ನು ವಿಜಯನಗರದ ಸಿಂಹಾಸನದ ಮೇಲೆ ಕೂರಿಸಿ ಏಳು ದಿನ ಉತ್ಸವ ಮಾಡಿದನು. ಆಗ ರಾಮರಾಯನ ಕಡೆಯವರು ಓಲೆ ಕಳುಹಿಸಿದರು: ಪರಕೀಯರನ್ನು ಹಿಂದಕ್ಕೆ ಕಳುಹಿಸುವುದಾದರೆ ನಾವು ನಿನಗೆ ವಿಧೇಯರಾಗಿರುತ್ತೇವೆ. ತಿರುಮಲನು ನಂಬಿದನು! 50 ಲಕ್ಷ ಹೊನ್ನು, ಹನ್ನೆರಡು ಆನೆಗಳು, ಕುದುರೆಗಳು—ಇವನ್ನೆಲ್ಲ ಕೊಟ್ಟು ಸುಲ್ತಾನನನ್ನು ಕಳುಹಿಸಿಬಿಟ್ಟನು. ಬಿಜಾಪುರದ ಸೈನ್ಯವು ಹಿಂದಿರುಗುತ್ತಿದ್ದಂತೆಯೇ ರಾಮರಾಯನು ಮಾತು ಮುರಿದು ರಾಜಧಾನಿಯ ಮೇಲೆ ನಡೆದನು. ಕಾವಲಿನವರೂ ಕೈಬಿಟ್ಟರು.

ಅರಮನೆಯ ಬಾಗಿಲುಗಳನ್ನು ಹಾಕಿಸಿಕೊಂಡು ತಿರುಮಲನು ಒಳಗೆ ಉಳಿದನು. ಲಾಯದಲ್ಲಿದ್ದ ರಾಜ್ಯದ ಆನೆ ಕುದುರೆಗಳ ಕಣ್ಣುಗಳನ್ನೆಲ್ಲ ಕೀಳಿಸಿದನು; ಅವುಗಳ ಬಾಲಗಳನ್ನು ಕತ್ತರಿಸಿಹಾಕಿಸಿದನು. ಶತ್ರುವಿಗೆ ಅವು ಉಪಯೋಗಕ್ಕೆ ಬರಬಾರದೆಂಬುದೇ ಉದ್ದೇಶ. ತಲೆಮಾರುಗಳಿಂದ ಭಂಡಾರದಲ್ಲಿ ಕೂಡಿಬಂದಿದ್ದ ವಜ್ರ, ಮಾಣಿಕ್ಯ, ಪಚ್ಚೆ, ಮುತ್ತುಗಳನ್ನು ಬೀಸುವ ಕಲ್ಲುಗಳ ನಡುವೆ ಹಾಕಿ ಪುಡಿಮಾಡಿಸಿ ನೆಲದ ಮೇಲೆ ಚೆಲ್ಲಿಸಿದನು. ಕಡೆಗೆ ಶತ್ರುಗಳು ಬಾಗಿಲಿಗೆ ಬರುತ್ತಿದ್ದಂತೆ ಕೋಣೆಯ ಕಂಬಕ್ಕೆ ಕತ್ತಿಯ ಅಲಗನ್ನು ನೆಟ್ಟು, ಅದು ಬೆನ್ನಿನಲ್ಲಿ ಹೊರಬರುವಂತೆ ಎದೆಯನ್ನು ಅಪ್ಪಳಿಸಿ ಪ್ರಾಣ ಬಿಟ್ಟನು.

ಬಾಸ್‌ವರ್ತಿನ ರಂಗದಲ್ಲಿ ರಿಚರ್ಡನು ಒಂದು ಕುದುರೆಗಾಗಿ ರಾಜ್ಯವನ್ನು ಕೊಡಲು ಸಿದ್ಧನಾಗಿದ್ದನು. ಹಂಪೆಯ ಅರಮನೆಯಲ್ಲಿ ಇವನು ರಾಜ್ಯವು ಕೈತಪ್ಪುವುದೆಂದು ಕುದುರೆಗಳ ಕಣ್ಣು ಕೀಳಿಸಿದನು. ಈ ಎರಡು ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿದಂದಿನಿಂದ ನನಗೆ ಇವು ಬಿಡಿಸಿಕೊಳ್ಳಲಾಗದಂತೆ ಅಂಟಿಕೊಂಡಿವೆ. ಒಬ್ಬನಲ್ಲಿ ಬದುಕಬೇಕೆಂಬ ಛಲ, ಕಟ್ಟಕಡೆಯ ಗಳಿಗೆಯವರೆಗೂ. ಇನ್ನೊಬ್ಬನಲ್ಲಿ ತನ್ನ ನಂತರ ಏನೂ ಉಳಿಯಬಾರದೆಂಬ ರೋಷ. ಕುದುರೆಯು ಯುದ್ಧದ ಸಂಗಾತಿ; ವಿಜಯನಗರವು ಅದಕ್ಕಾಗಿ ಪೋರ್ತುಗೀಸರಿಗೆ ಸುರಿದ ಹೊನ್ನಿಗೆ ಮಿತಿಯಿಲ್ಲ. ಅದೇ ರಾಜ್ಯದ ಅರಸನೆನಿಸಿಕೊಂಡವನು ಅವುಗಳ ನಡುವೆ ಅಂಥ ಕಾರ್ಯಕ್ಕೆ ಆಜ್ಞೆ ಕೊಟ್ಟಾಗ ಅವನ ಬಳಿ ಬೇಡವೆನ್ನುವವನೊಬ್ಬನೂ ಇರಲಿಲ್ಲ. ಬೇಡವೆನ್ನಬಹುದಾಗಿದ್ದವರನ್ನು ಅವನು ಮೊದಲೇ ಇಲ್ಲವಾಗಿಸಿದ್ದನು.

ನಮ್ಮ ರನ್ನನು ‘ಗದಾಯುದ್ಧ’ದಲ್ಲಿ ದುರ್ಯೋಧನನ ಒಂಟಿತನವನ್ನು ಚಿತ್ರಿಸಿದ್ದಾನಷ್ಟೆ. ಸಂಜಯನ ಕೈಹಿಡಿದು ರಣಭೂಮಿಯ ಹೆಣಗಳ ನಡುವೆ ನಡೆಯುವ ಆ ಅರಸನಿಗೆ ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ರಿಚರ್ಡನ ಡೇರೆಯ ಪ್ರೇತಗಳ ಸಾಲನ್ನು ಓದುವ ಕನ್ನಡಿಗನಿಗೆ ಇದು ನೆನಪಾಗದೆ ಇರದು. ಆದರೆ ದುರ್ಯೋಧನನ ಮುಂದೆ ಬಿದ್ದವರು ಅವನಿಗಾಗಿ ಸತ್ತವರು. ಅವನು ಅವರಿಗಾಗಿ ಅಳಬಲ್ಲ, ಶತ್ರುವಿನ ಮಗನಾದ ಅಭಿಮನ್ಯುವಿನ ಪರಾಕ್ರಮವನ್ನೂ ಹೊಗಳಬಲ್ಲ. ಆ ಅಳುವಿನಿಂದಲೇ ಓದುಗನು ಅವನ ಕಡೆ ವಾಲುತ್ತಾನೆ. ರಿಚರ್ಡನ ಮುಂದೆ ಬಂದವರು ಅವನಿಂದ ಸತ್ತವರು. ಅಲ್ಲಿ ಅಳುವಿಗೆ ಎಡೆಯಿಲ್ಲ. ತಿರುಮಲನ ಬಾಯಿಂದ ಒಂದು ಮಾತನ್ನೂ ಚರಿತ್ರೆಯು ನಮಗೆ ಕೊಟ್ಟಿಲ್ಲ. ಕತ್ತಿಯನ್ನು ಕಂಬಕ್ಕೆ ನೆಡುವಾಗ ಅವನಿಗೆ ಆ ಹುಡುಗನ ಕೊರಳು ನೆನಪಾಯಿತೋ ಇಲ್ಲವೋ, ಅದನ್ನು ಹೇಳಲು ಕವಿಯೇ ಬೇಕು.

ಇಷ್ಟು ಬರೆದ ಮೇಲೆ ಪ್ರಾಮಾಣಿಕನಾದ ಲೇಖಕನು ತನ್ನ ಸಾಕ್ಷಿಗಳನ್ನು ತಾನೇ ಪಾಟೀಸವಾಲಿಗೆ ಒಳಪಡಿಸಬೇಕು. ಕಂಬದ ಕತ್ತಿಯ ಕಥೆ ಫರಿಶ್ತಾನದು. ಅರವೀಡು ಮನೆತನದ ಪಕ್ಷದ ತೆಲುಗು–ಸಂಸ್ಕೃತ ಕೃತಿಗಳಲ್ಲಿ ಬೇರೆಯೇ ಅಂತ್ಯವಿದೆ: ರಾಮರಾಯನು ತಮ್ಮಂದಿರೊಡನೆ ಪೆನುಗೊಂಡೆಯ ಕಡೆಯಿಂದ ಹೊರಟು, ಕಾಳಗದ ಮೇಲೆ ಕಾಳಗವನ್ನು ಗೆದ್ದು, ರಾಜದ್ರೋಹಿಯಾದ ಸಲಕ ತಿರುಮಲನನ್ನು ಯುದ್ಧದಲ್ಲಿ ಸಂಹರಿಸಿದನು. ಬಿಜಾಪುರದ ಇತಿಹಾಸಕಾರನಿಗೆ ವಿಜಯನಗರದ ಅರಸನು ಹುಚ್ಚನಾಗಿ ಸತ್ತರೆ ಚೆನ್ನ. ತನ್ನ ಸುಲ್ತಾನನು ಅಲ್ಲಿಯ ಸಿಂಹಾಸನದ ಮೇಲೆ ಕುಳಿತನೆಂದರೆ ಇನ್ನೂ ಚೆನ್ನ. ಅರವೀಡಿನ ಕವಿಗೆ ತನ್ನ ಒಡೆಯನ ಕತ್ತಿಯಿಂದಲೇ ದ್ರೋಹಿಯು ಸತ್ತರೆ ಚೆನ್ನ. ಟ್ಯೂಡರರ ಇತಿಹಾಸಕಾರರಂತೆ ಇವರಿಬ್ಬರೂ ಗೆದ್ದವರ ಮನೆಯಲ್ಲಿ ಉಂಡು ಬರೆದವರು. ಬಾಲಕನ ಕೊಲೆಯನ್ನಾದರೋ ಪರಸ್ಪರ ಸಂಬಂಧವಿಲ್ಲದ ಕಡೆಗಳಿಂದ ಬಂದ ವರದಿಗಳು ಸಮರ್ಥಿಸುತ್ತವೆ. ಅದನ್ನು ಅಳಿಸಿಹಾಕಲು ಯಾವ ವಕೀಲನಿಂದಲೂ ಸಾಧ್ಯವಾಗದು. ಅಂತ್ಯದ ವಿವರಗಳಲ್ಲಿ ನನಗೆ ಫರಿಶ್ತಾನ ಕಡೆಗೇ ಮನಸ್ಸು ವಾಲುತ್ತದೆಯಾದರೂ, ಅದು ಸಾಕ್ಷ್ಯದ ಬಲದಿಂದಲೋ ಚಿತ್ರದ ಬಲದಿಂದಲೋ ಎಂದು ಕೇಳಿಕೊಂಡರೆ ಉತ್ತರ ಹೇಳಲು ಸಂಕೋಚವಾಗುತ್ತದೆ. ಷೇಕ್ಸ್‌ಪಿಯರನ ಪ್ರೇಕ್ಷಕರೂ ಹೀಗೆಯೇ ಮೋಸಹೋಗಿರಬೇಕು.

ನಾಟಕದಲ್ಲಿ ಹೆನ್ರಿ ಟ್ಯೂಡರನು ಗೆದ್ದೊಡನೆ ಶಾಂತಿಯ ಮಾತುಗಳಿಂದ ತೆರೆ ಬೀಳುತ್ತದೆ. ನಮ್ಮ ಕಥೆಯಲ್ಲಿ ತೆರೆ ಅಲ್ಲಿ ಬೀಳುವುದಿಲ್ಲ. 1543ರಲ್ಲಿ ರಾಮರಾಯನು ಸದಾಶಿವನಿಗೆ ಪಟ್ಟ ಕಟ್ಟಿದನು, ಶಾಸನಗಳೆಲ್ಲ ಸದಾಶಿವನ ಹೆಸರಿನಲ್ಲಿ ಹೊರಟವು, ಅಧಿಕಾರವೆಲ್ಲ ರಾಮರಾಯನದಾಯಿತು. ಕೆಲಕಾಲದ ಮೇಲೆ ಅರಸನು ಸೆರೆಯಾಳೇ ಆದನು. ರಾಮರಾಯನ ಕೈಯಲ್ಲಿ ರಾಜರಕ್ತವಿರಲಿಲ್ಲ, ಇದು ದೊಡ್ಡ ಮಾತೇ. ಆದರೆ ವಿಧೇಯತೆಯ ಸುಳ್ಳು ಓಲೆಯಿಂದ ಎದುರಾಳಿಯನ್ನು ಒಂಟಿಯಾಗಿಸಿದ ಆ ಉಪಾಯವನ್ನು ನೋಡಿದರೆ, ಇಬ್ಬರಲ್ಲಿ ರಿಚರ್ಡನ ವಿದ್ಯೆಯನ್ನು ಚೆನ್ನಾಗಿ ಬಲ್ಲವನು ಯಾರೆಂಬ ಸಂದೇಹ ಬರುತ್ತದೆ. ಮುಂದೆ ಇಪ್ಪತ್ತು ವರ್ಷ ಅವನು ದಕ್ಷಿಣಾಪಥದ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತ, ಪ್ರತಿಯೊಬ್ಬನೂ ತನ್ನೊಬ್ಬನನ್ನೇ ಅವಲಂಬಿಸುವಂತೆ ನಡೆಸಿಕೊಂಡನು. ಕಡೆಗೆ ಅವರೆಲ್ಲ ಕೂಡಿದರು. 1565ರ ಜನವರಿ 23ರಂದು ರಕ್ಕಸತಂಗಡಿಯ ಕದನದಲ್ಲಿ ರಾಮರಾಯನ ತಲೆ ಬಿದ್ದಿತು, ಹಂಪೆ ಹಾಳಾಯಿತು. ಅವನ ತಮ್ಮನು ಸದಾಶಿವನನ್ನು ಪೆನುಗೊಂಡೆಗೆ ಒಯ್ದನು. ತಿರುಮಲನ ಕತ್ತಿಯಿಂದ ದೂರದ ಸೆರೆಯೊಂದರ ಪುಣ್ಯದಿಂದ ಉಳಿದಿದ್ದ ಆ ಅರಸನೂ ಕೆಲವು ವರ್ಷಗಳಲ್ಲಿ ಕೊಲೆಯಾದನೆಂದು ವೆನಿಸ್ಸಿನ ಪ್ರವಾಸಿ ಸೀಸರ್ ಫ್ರೆಡರಿಕನು ಬರೆದಿದ್ದಾನೆ.

ಹಂಪೆಯಲ್ಲಿ ಮತಂಗಪರ್ವತದ ಬುಡದಲ್ಲಿ ಒಂದು ದೊಡ್ಡ ದೇವಾಲಯವಿದೆ. 1534ರಲ್ಲಿ ತಿರುವೆಂಗಳನಾಥನಿಗಾಗಿ ಅದನ್ನು ಕಟ್ಟಿಸಿದವನು ಸಲಕರಾಜರ ಹಿರಿಯ ತಿರುಮಲ, ನಮ್ಮ ಕಥಾನಾಯಕನ ಅಣ್ಣ. ಇಂದು ಅದಕ್ಕೆ ಅಚ್ಯುತರಾಯನ ಗುಡಿಯೆಂದು ಹೆಸರು. ನೆಂಟರೊಡನೆ ಅಲ್ಲಿಗೆ ಹೋದಾಗ ಮಾರ್ಗದರ್ಶಕನು ಗುಡಿಯ ಮುಂದಿನ ಬೀದಿಯ ಉದ್ದವನ್ನೂ, ಮಂಟಪಗಳ ಕಂಬಗಳನ್ನೂ ಬಹಳ ಉತ್ಸಾಹದಿಂದ ವಿವರಿಸಿದನು. ಕಟ್ಟಿಸಿದವರು ಯಾರೆಂದು ನಾನು ಕೇಳಿದೆ. ಅಚ್ಯುತರಾಯರು ಸ್ವಾಮಿ ಎಂದನು.